130 ಕೆವಿ, 6 ಮೈಕ್ರೊಸೆಕೆಂಡ್ ಮಾಡ್ಯುಲೇಟರ್: ಥೈರಟ್ರಾನಾ, ಐಜಿಬಿಟಿನಾ?

ಜಾಲಹಳ್ಳಿ_ಕ್ರಾಸ್:
ಎಲ್ಲರಿಗೂ ನಮಸ್ಕಾರ. ಎಸ್-ಬ್ಯಾಂಡ್ ಕ್ಲೈಸ್ಟ್ರಾನ್‌ಗೆ (ಮೈಕ್ರೊವೇವ್ ಪವರ್ ಕೊಡುವ ದೊಡ್ಡ ನಿರ್ವಾತ ಟ್ಯೂಬ್) ಒಂದು ಟೆಸ್ಟ್ ಬೆಂಚ್ ಮಾಡಬೇಕಾಗಿದೆ. ಅದಕ್ಕೆ ಹೈ ವೋಲ್ಟೇಜ್ ಪಲ್ಸ್ ಕೊಡುವ ಮಾಡ್ಯುಲೇಟರ್ ಬೇಕು. 130 ಕೆವಿ, 90 ಆಂಪ್, ಪಲ್ಸಿನ ಸಪಾಟು ಭಾಗ 5 ಮೈಕ್ರೊಸೆಕೆಂಡ್. ಏರೋದು ಇಳಿಯೋದು ಸೇರಿ 6 ಅಂದುಕೊಳ್ಳಿ. ಸೆಕೆಂಡಿಗೆ 200 ಪಲ್ಸ್. ನಮ್ಮ ಗುಂಪಿನಲ್ಲಿ ಈಗ ಎರಡು ಪಾರ್ಟಿ ಆಗಿದೆ. ಹಿರಿಯರು "ಪಿಎಫ್‌ಎನ್ ಕಟ್ಟಿ, ಥೈರಟ್ರಾನ್ ಕೂರಿಸಿ, ಮುಗೀತು" ಅನ್ನುತ್ತಾರೆ. (ಪಿಎಫ್‌ಎನ್ ಅಂದರೆ ಪಲ್ಸ್ ರೂಪಿಸುವ ಕಾಯಿಲ್-ಕೆಪಾಸಿಟರ್ ಸಾಲು, ಥೈರಟ್ರಾನ್ ಅಂದರೆ ಹೈಡ್ರೋಜನ್ ತುಂಬಿದ ಟ್ಯೂಬ್ ಸ್ವಿಚ್.) ನಮ್ಮ ವಯಸ್ಸಿನವರು "ಈ ಕಾಲದಲ್ಲೂ ಗಾಜಿನ ಬುರುಡೆನಾ?" ಅಂತ ನಗುತ್ತಾರೆ, ಅವರಿಗೆ ಐಜಿಬಿಟಿ, ಅಂದರೆ ಸೆಮಿಕಂಡಕ್ಟರ್ ಸ್ವಿಚ್ ಬೇಕು. ನಾನು ಮಧ್ಯೆ ಸಿಕ್ಕಿಕೊಂಡಿದ್ದೇನೆ. ಕೈಯಲ್ಲಿ ಮಾಡಿ ನೋಡಿದವರು ಯಾರಾದರೂ ಇದ್ದರೆ ಹೇಳಿ. ಕಂಪನಿಯ ಬ್ರೋಷರ್ ನಾನೂ ಓದಿದ್ದೇನೆ, ಅದು ಬೇಡ.

ಥೈರಟ್ರಾನ್_ತಾತ:
ಗಾಜಿನ ಬುರುಡೆ ಅಂತೆ! ನಿಮಗೆ ಬೇಕಾಗೋ ಸೈಜಿಗೆ ಈಗ ಬರೋದು ಸೆರಾಮಿಕ್ ಮೈಯದ್ದು ಕಣಪ್ಪ. ಇರಲಿ.

ಮೊದಲು ಲೆಕ್ಕ ಹಾಕೋಣ, ಜಗಳ ಆಮೇಲೆ. 130 ಕೆವಿ, 90 ಆಂಪ್ ಅಂದ್ರೆ 11.7 ಮೆಗಾವ್ಯಾಟ್. ಕೇಳೋಕೆ ಭಯಂಕರ. ಆದರೆ 6 ಮೈಕ್ರೊಸೆಕೆಂಡಿಗೆ ಅದು ಬರೀ 70 ಜೂಲ್. ಸೆಕೆಂಡಿಗೆ 200 ಸಲ ಆದರೆ ಸರಾಸರಿ 14 ಕಿಲೋವ್ಯಾಟ್, ಅಂದರೆ ಏಳು ಬಾತ್‌ರೂಮ್ ಗೀಸರ್. ಇಷ್ಟೇ ಪವರ್ ನೀವು ಗೋಡೆಯಿಂದ ಎಳೆಯೋದು.

ಈಗ ಲೈನ್-ಟೈಪ್ ಮಾಡ್ಯುಲೇಟರ್, ಅಂದ್ರೆ ನಿಮ್ಮ ಹಿರಿಯರು ಹೇಳೋ ಪಿಎಫ್‌ಎನ್, ಥೈರಟ್ರಾನ್ ಜೋಡಿ. ಪಲ್ಸ್ ಟ್ರಾನ್ಸ್‌ಫಾರ್ಮರ್ 1:10 ತೊಗೊಳ್ಳಿ. ಪ್ರೈಮರಿಯಲ್ಲಿ 13 ಕೆವಿ, 900 ಆಂಪ್. ಇಂಪಿಡೆನ್ಸ್ 14.4 ಓಮ್. ಪಿಎಫ್‌ಎನ್ ಕೂಡ ಅಷ್ಟೇ ಓಮ್ ಇರಬೇಕು. ಮ್ಯಾಚ್ ಆದ ಲೋಡಿಗೆ ಅರ್ಧ ವೋಲ್ಟೇಜ್ ಮಾತ್ರ ಸಿಗೋದು, ಹಾಗಾಗಿ ಪಿಎಫ್‌ಎನ್ಅನ್ನು 26 ಕೆವಿಗೆ ಚಾರ್ಜ್ ಮಾಡಬೇಕು. ಒಟ್ಟು ಕೆಪಾಸಿಟನ್ಸ್ 0.21 ಮೈಕ್ರೊಫ್ಯಾರಡ್, ಒಟ್ಟು ಇಂಡಕ್ಟನ್ಸ್ 43 ಮೈಕ್ರೊಹೆನ್ರಿ. ಎಂಟು ಸೆಕ್ಷನ್ ಮಾಡಿದರೆ ಒಂದೊಂದಕ್ಕೆ 26 ನ್ಯಾನೊಫ್ಯಾರಡ್, 5.4 ಮೈಕ್ರೊಹೆನ್ರಿ. ಕಾಯಿಲ್ ನೀವೇ ಸುತ್ತಬಹುದು, ನಾನು ಪಿವಿಸಿ ಪೈಪಿನ ಮೇಲೆ ಸುತ್ತಿದ್ದೀನಿ. 26 ಕೆವಿ, 900 ಆಂಪ್ ಅನ್ನೋದು ಥೈರಟ್ರಾನ್‌ಗೆ ದೊಡ್ಡ ವಿಷಯವೇ ಅಲ್ಲ. ಎರಡನೇ ಮಹಾಯುದ್ಧದ ರೇಡಾರ್ ಕಾಲದ 5ಸಿ22 ಅನ್ನೋ ಗಾಜಿನ ಟ್ಯೂಬೇ 16 ಕೆವಿ, 325 ಆಂಪ್ ತಡೆಯುತ್ತಿತ್ತು. ಪಿಲಾನಿಯ ಎಲೆಕ್ಟ್ರಾನಿಕ್ಸ್ ಸಂಶೋಧನಾ ಸಂಸ್ಥೆ ಸೀರಿಯವರು ನಮ್ಮ ದೇಶದಲ್ಲೇ ಥೈರಟ್ರಾನ್ ಮಾಡಿದ್ದಾರೆ.

ಇನ್ನು ದೊಡ್ಡ ಉದಾಹರಣೆ ಬೇಕಾ? ಕ್ಯಾಲಿಫೋರ್ನಿಯಾದ ಸ್ಲ್ಯಾಕ್. 3 ಕಿಲೋಮೀಟರ್ ಉದ್ದದ ಲಿನ್ಯಾಕ್ (ಕಣಗಳನ್ನ ನೇರ ಸಾಲಲ್ಲಿ ಓಡಿಸಿ ವೇಗ ಏರಿಸೋ ಯಂತ್ರ), 1966ರಿಂದ ಓಡಿದ್ದು. ಅಲ್ಲಿನ 5045 ಕ್ಲೈಸ್ಟ್ರಾನ್‌ಗೆ 350 ಕೆವಿ, 414 ಆಂಪ್, 3.5 ಮೈಕ್ರೊಸೆಕೆಂಡ್ ಬೇಕು. ಟ್ರಾನ್ಸ್‌ಫಾರ್ಮರ್ 1:15. ಪ್ರೈಮರಿ ಕಡೆ 6 ಸಾವಿರ ಆಂಪ್ ಮೇಲೆ ಆಗುತ್ತೆ. ಇನ್ನೂರಕ್ಕೂ ಹೆಚ್ಚು ಮಾಡ್ಯುಲೇಟರ್ ಸಾಲಾಗಿ ನಿಂತು ದಶಕಗಟ್ಟಲೆ ದುಡಿದವು, ಎಲ್ಲಾ ಥೈರಟ್ರಾನ್.

ಮೊದಲ_ಸೆಮಿಸ್ಟರ್:
ತಾತ, ಒಂದು ದಡ್ಡ ಪ್ರಶ್ನೆ. 26 ಕೆವಿ ತುಂಬಿ 13 ಮಾತ್ರ ಸಿಗುತ್ತೆ ಅಂದರೆ ಅರ್ಧ ವ್ಯರ್ಥ ಅಲ್ವಾ?

ಥೈರಟ್ರಾನ್_ತಾತ:
ದಡ್ಡ ಪ್ರಶ್ನೆ ಏನಲ್ಲ, ಎಲ್ಲರೂ ಇಲ್ಲೇ ಎಡವೋದು. ಅರ್ಧ ಆಗೋದು ವೋಲ್ಟೇಜ್, ಎನರ್ಜಿ ಅಲ್ಲ. ಸ್ವಿಚ್ ಮುಚ್ಚಿದ ಕೂಡಲೇ ಅರ್ಧ ವೋಲ್ಟೇಜಿನ ಅಲೆ ಲೈನಿನ ಇನ್ನೊಂದು ತುದಿಗೆ ಓಡುತ್ತೆ. ಅಲ್ಲಿ ಗೋಡೆಗೆ ಬಡಿದ ಚೆಂಡಿನ ಹಾಗೆ ವಾಪಸ್ ಬರುತ್ತೆ. ಅದು ಹೋಗಿ ಬರೋ ಹೊತ್ತಿಗೆ ಲೈನ್ ಪೂರ್ತಿ ಖಾಲಿ, ಇದ್ದ 70 ಜೂಲೂ ಲೋಡಿಗೆ ಹೋಗಿರುತ್ತೆ. ಆ ಹೋಗಿ ಬರುವ ಸಮಯವೇ ನಿಮ್ಮ ಪಲ್ಸ್ ಅಗಲ. ಚಾರ್ಜ್ ಮಾಡುವಾಗ ಚೋಕ್, ಡಯೋಡ್ ಹಾಕಿ ರೆಸೊನೆಂಟ್ ಚಾರ್ಜಿಂಗ್ ಮಾಡಿದರೆ 13 ಕೆವಿ ಡಿಸಿ ಸಪ್ಲೈಯಿಂದಲೇ 26 ಕೆವಿ ಬರುತ್ತೆ. ಕಳೆದ ಅರ್ಧ ಅಲ್ಲಿ ವಾಪಸ್ ಸಿಕ್ತು ನೋಡು.

ಎಣ್ಣೆ_ಟ್ಯಾಂಕ್:
ತಾತ ಹೇಳಿದ್ದೆಲ್ಲ ಸರಿ ಮಾರಾಯ್ರೆ, ಆದರೆ ಹೇಳದೆ ಬಿಟ್ಟದ್ದು ಉಂಟು. ಥೈರಟ್ರಾನ್ ಅಂದರೆ ಸಾಕಿದ ದನದ ಹಾಗೆ. ಬೆಳಿಗ್ಗೆ ಹದಿನೈದು ನಿಮಿಷ ಬಿಸಿ ಮಾಡಬೇಕು. ಒಳಗಿನ ಹೈಡ್ರೋಜನ್ ನಿಧಾನಕ್ಕೆ ಕರಗುತ್ತದೆ, ಹಾಗಾಗಿ ಹೈಡ್ರೋಜನ್ ಬಿಡುವ ರೆಸರ್ವಾಯರ್ ಹೀಟರ್ ವೋಲ್ಟೇಜನ್ನು ಆಗಾಗ ಸ್ವಲ್ಪ ಸ್ವಲ್ಪ ಏರಿಸ್ತಾ ಹೋಗಬೇಕು. ಗ್ಯಾಸ್ ಕಡಿಮೆ ಆದರೆ ಸ್ವಿಚ್ ನಿಧಾನಕ್ಕೆ ಆನ್ ಆಗುತ್ತದೆ, ಆನೋಡ್ ಕೆಂಪಾಗ್ತದೆ. ಜಾಸ್ತಿ ಆದರೆ ವೋಲ್ಟೇಜ್ ತಡೆಯದೆ ತಾನಾಗಿಯೇ ಹೊಡೆಯುತ್ತದೆ. ನಾವು ಒಂದು ಜಾಗದಲ್ಲಿ ಹೀಟರ್ ನಾಬ್ ಪಕ್ಕ ಪೆನ್ಸಿಲಲ್ಲಿ ತಾರೀಕು, ವೋಲ್ಟ್ ಬರೆದಿಡುತ್ತಿದ್ದೆವು. ಬಣ್ಣ ಬಳಿಯುವವನು ಬಂದು ಪ್ಯಾನೆಲ್ ಪೂರ್ತಿ ಬಳಿದು ಹೋದ. ಆ ವಾರ ನಾವು ಪಟ್ಟ ಪಾಡು ಬೇಡ.

ಆಮೇಲೆ ಪಲ್ಸ್ ಅಗಲ ಬದಲಿಸಬೇಕು ಅಂದರೆ? ಕ್ಯಾಬಿನೆಟ್ ತೆಗೆದು, ಸೆಕ್ಷನ್ ಕಳಚಿ, ಕಾಯಿಲ್ ಟ್ಯಾಪ್ ಬದಲಿಸಿ, ಮತ್ತೆ ಸ್ಕೋಪ್ ಇಟ್ಟು ರಿಪಲ್ (ಪಲ್ಸಿನ ತಲೆಯ ಏರಿಳಿತ) ಸರಿ ಮಾಡಬೇಕು. ಒಂದು ಇಡೀ ದಿನ ಹೋಯ್ತು.

ಕರೆಂಟ್_ಕಲಾವಿದ:
ಅದಕ್ಕೇ ನಾನು ಹೇಳೋದು, ಸುಮ್ನೆ ಐಜಿಬಿಟಿ ಸರಣಿ ಹಾಕಿ. 13 ಕೆವಿ ಕೆಪಾಸಿಟರ್ ಬ್ಯಾಂಕ್, ಮುಂದೆ ಐಜಿಬಿಟಿಗಳನ್ನು ಸೀರೀಸಲ್ಲಿ ಜೋಡಿಸಿದ ಸ್ವಿಚ್, ಆಮೇಲೆ ಅದೇ 1:10 ಟ್ರಾನ್ಸ್‌ಫಾರ್ಮರ್. ಬೇಕಾದಾಗ ಆನ್, ಬೇಕಾದಾಗ ಆಫ್. ಪಲ್ಸ್ ಅಗಲ ಕಂಪ್ಯೂಟರಿಂದಲೇ ಬದಲಿಸಬಹುದು.

ಎಣ್ಣೆ_ಟ್ಯಾಂಕ್:
ಸೀರೀಸ್ ಸ್ವಿಚ್ಚಿನಲ್ಲಿ ಕೈ ಸುಟ್ಟುಕೊಂಡವನು ನಾನು. ಹತ್ತೂ ಐಜಿಬಿಟಿ ಒಟ್ಟಿಗೆ ಆಫ್ ಆಗಬೇಕು, ಹತ್ತಾರು ನ್ಯಾನೊಸೆಕೆಂಡ್ ಒಳಗೆ. ಒಂದು ಮೊದಲೇ ಆಫ್ ಆಯ್ತು ಅಂದರೆ ಉಳಿದವರ ಪಾಲಿನ ವೋಲ್ಟೇಜೂ ಅದರ ತಲೆ ಮೇಲೆ. ನಮ್ಮದರಲ್ಲಿ ಒಂದು ಗೇಟ್ ಡ್ರೈವರ್ ಕಾರ್ಡಿನ ಫೈಬರ್ ಕನೆಕ್ಟರ್ ಸ್ವಲ್ಪ ಸಡಿಲ ಇತ್ತು. ಅಷ್ಟೇ. ಟಕ್ ಅಂತ ಒಂದೇ ಸದ್ದು. ಬಾಗಿಲು ತೆಗೆದು ನೋಡಿದರೆ ಏಳು ಹೋಗಿತ್ತು. ಒಂದರ ಮುಚ್ಚಳ ಎಗರಿ ಎದುರಿನ ಗೋಡೆಗೆ ಕಪ್ಪು ಬಳಿದಿತ್ತು. ಸ್ನಬ್ಬರ್ ಹಾಕಿ, ವೋಲ್ಟೇಜ್ ಕ್ಲ್ಯಾಂಪ್ ಹಾಕಿ, ಎರಡು ಮೂರು ಸಾಧನ ಕೆಟ್ಟರೂ ಓಡುವಷ್ಟು ಹೆಚ್ಚುವರಿ ಇಟ್ಟರೆ ಚೆನ್ನಾಗಿ ಓಡುತ್ತದೆ, ಓಡಿಸುವವರು ಇದ್ದಾರೆ. ಆದರೆ ಮೊದಲ ಸಲ ಮಾಡುವವರಿಗೆ ನಾನು ಹೇಳುವುದಿಲ್ಲ.

ಇಂದೋರ್_ಕನ್ನಡಿಗ:
ಇಲ್ಲಿ ಒಂದು ಮಾತು ಯಾರೂ ಆಡುತ್ತಿಲ್ಲ. ಪಲ್ಸ್ ಎಷ್ಟು ಉದ್ದ ಅನ್ನೋದೇ ಯಾವ ವಿನ್ಯಾಸ ಅಂತ ಹೇಳಿಬಿಡುತ್ತೆ. "ಹಳೇದು, ಹೊಸದು" ಅನ್ನೋ ಜಗಳವೇ ತಪ್ಪು.

ಜರ್ಮನಿಯ ಡೇಸಿ ಪ್ರಯೋಗಾಲಯದಲ್ಲಿ ಟೆಸ್ಲಾ ಅನ್ನೋ ಲಿನ್ಯಾಕ್ ಯೋಜನೆಗೆ ಬಂದ ಮಲ್ಟಿಬೀಮ್ (ಹಲವು ಎಲೆಕ್ಟ್ರಾನ್ ಕಿರಣಗಳ) ಕ್ಲೈಸ್ಟ್ರಾನ್ ನೋಡಿ. 117 ಕೆವಿ, 131 ಆಂಪ್. ಪವರ್ ಹೆಚ್ಚು ಕಮ್ಮಿ ನಿಮ್ಮ ಹತ್ತಿರವೇ, 15 ಮೆಗಾವ್ಯಾಟ್. ಆದರೆ ಪಲ್ಸ್ 1.5 ಮಿಲಿಸೆಕೆಂಡ್. ಒಂದು ಪಲ್ಸಿಗೆ 23 ಕಿಲೋಜೂಲ್. ಇದಕ್ಕೆ ಪಿಎಫ್‌ಎನ್ ಕಟ್ಟೋಕೆ ಹೊರಟರೆ ಒಂದು ಕೋಣೆ ತುಂಬಾ ಕಾಯಿಲ್ ಆಗುತ್ತೆ. ಸರಿ, ಕೆಪಾಸಿಟರ್ ಬ್ಯಾಂಕ್ ಇಟ್ಟು ಸ್ವಿಚ್ ಹಾಕೋಣ ಅಂದರೆ, ವೋಲ್ಟೇಜ್ ಶೇ. 1ಕ್ಕಿಂತ ಇಳಿಯಬಾರದು. ವೋಲ್ಟೇಜ್ ಶೇ. 1 ಇಳಿದರೆ ಬ್ಯಾಂಕ್ ಕೊಡುವ ಎನರ್ಜಿ ಶೇ. 2. ಹಾಗಾದರೆ 23 ಕಿಲೋಜೂಲ್ ಕೊಡೋಕೆ ಬ್ಯಾಂಕಿನಲ್ಲಿ 1 ಮೆಗಾಜೂಲ್ ಮೇಲೆ ತುಂಬಿಟ್ಟಿರಬೇಕು! ಪಕ್ಕದಲ್ಲಿ ನಿಲ್ಲೋಕೆ ಧೈರ್ಯ ಬೇಕು.

ಅಮೆರಿಕದ ಫರ್ಮಿಲ್ಯಾಬಿನವರು ಇದಕ್ಕೆ ಒಂದು ಜಾಣತನ ಮಾಡಿದರು. ಬ್ಯಾಂಕ್ ಶೇ. 20 ಇಳಿಯಲಿ ಬಿಡಿ ಅಂದರು. ಆಗ 64 ಕಿಲೋಜೂಲ್ ಬ್ಯಾಂಕ್ ಸಾಕು. ಆ ಇಳಿಜಾರನ್ನು ಸರಿ ಮಾಡೋಕೆ ಟ್ರಾನ್ಸ್‌ಫಾರ್ಮರ್ ಕೆಳಗೆ ಒಂದು ಎಲ್‌ಸಿ (ಕಾಯಿಲ್, ಕೆಪಾಸಿಟರ್) ಸರ್ಕ್ಯೂಟ್ ಇಟ್ಟರು. ಅದು ಜೋಕಾಲಿ ಥರ ತೂಗುತ್ತೆ. ಜೋಕಾಲಿಯ ನಡು ಭಾಗದ ನೇರ ಇಳಿಜಾರು, ಬ್ಯಾಂಕಿನ ಇಳಿಜಾರು, ಎರಡೂ ಕಳೆದು ಮೇಲ್ಗಡೆ ಸಪಾಟು. ಇದಕ್ಕೇ ಬೌನ್ಸರ್ ಅನ್ನೋದು. ಇಲ್ಲಿ ಇಂದೋರಿನ ಆರ್‌ಆರ್‌ಕ್ಯಾಟ್ ಸಂಶೋಧನಾ ಕೇಂದ್ರದಲ್ಲೂ ಯುರೋಪಿನ ಸರ್ನ್ ಪ್ರಯೋಗಾಲಯದ ಲಿನ್ಯಾಕ್4ಗೆ ಅಂತ 800 ಮೈಕ್ರೊಸೆಕೆಂಡಿನ ಬೌನ್ಸರ್ ಮಾಡ್ಯುಲೇಟರ್ ಮಾಡಿದ್ದರು.

ನಿಮ್ಮ 6 ಮೈಕ್ರೊಸೆಕೆಂಡಿಗೆ ಇದ್ಯಾವುದೂ ಬೇಡ. ಡ್ರೂಪ್ (ವೋಲ್ಟೇಜ್ ಇಳಿತ) ಶೇ. 1 ದಾಟಬಾರದು ಅಂದರೂ 3.5 ಕಿಲೋಜೂಲ್ ಬ್ಯಾಂಕ್ ಸಾಕು.

ಲುಂಡ್_ಅಕ್ಕ:
ಇಂದೋರಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಾನಿರುವುದು ಸ್ವೀಡನ್ನಿನ ಲುಂಡ್‌ನಲ್ಲಿ, ಕೆಲಸ ಬೇರೆ ಕಡೆ, ಆದರೆ ಪವರ್ ಎಲೆಕ್ಟ್ರಾನಿಕ್ಸೇ. ಊರಾಚೆ ಇರುವ ಇಎಸ್‌ಎಸ್ ನ್ಯೂಟ್ರಾನ್ ಕೇಂದ್ರದ ಮಾಡ್ಯುಲೇಟರ್ 115 ಕೆವಿ, 100 ಆಂಪ್, 3.5 ಮಿಲಿಸೆಕೆಂಡ್, ಸೆಕೆಂಡಿಗೆ 14 ಸಲ. ಇಲ್ಲಿ ಬೌನ್ಸರ್ ಕೂಡ ಕೈ ಕೊಡುತ್ತದೆ, ಯಾಕೆಂದರೆ ತೊಂದರೆ ಟ್ರಾನ್ಸ್‌ಫಾರ್ಮರ್ ಕಬ್ಬಿಣದ್ದು.

ಕೋರ್ ಎಷ್ಟು ದೊಡ್ಡದಿರಬೇಕು ಅನ್ನೋದನ್ನು ವೋಲ್ಟ್ ಮತ್ತು ಸೆಕೆಂಡಿನ ಗುಣಾಕಾರ ತೀರ್ಮಾನ ಮಾಡುತ್ತೆ. ಜಾಲಹಳ್ಳಿಯವರದು 130 ಕೆವಿ, 6 ಮೈಕ್ರೊಸೆಕೆಂಡ್, ಅಂದರೆ 0.78 ವೋಲ್ಟ್-ಸೆಕೆಂಡ್. ಇಲ್ಲಿನದು 400. ಐನೂರು ಪಟ್ಟು! ಆ ಕಬ್ಬಿಣವನ್ನು ಎತ್ತೋಕೆ ಕ್ರೇನ್ ಬೇಕು, ಮುಳುಗಿಸೋಕೆ ಎಣ್ಣೆ ಬಾವಿ ಬೇಕು. ಅದಕ್ಕೆ ಇವರು ಪಲ್ಸನ್ನೇ ಚೂರು ಚೂರು ಮಾಡಿದರು. ಸುಮಾರು 1 ಕೆವಿಯ ಡಿಸಿಯನ್ನು ಎಚ್-ಬ್ರಿಡ್ಜ್‌ಗಳಿಂದ (ನಾಲ್ಕು ಸ್ವಿಚ್ಚಿನ ಸರ್ಕ್ಯೂಟ್) ಹತ್ತಾರು ಕಿಲೋಹರ್ಟ್ಸ್‌ಗಟ್ಟಲೆ ಕತ್ತರಿಸಿ, ಸಣ್ಣ ಸಣ್ಣ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಏರಿಸಿ, ಆಚೆ ಕಡೆ ರೆಕ್ಟಿಫೈ ಮಾಡಿ, ಒಂದರ ಮೇಲೊಂದು ಸೀರೀಸಲ್ಲಿ ಪೇರಿಸಿ 115 ಕೆವಿ ಮಾಡುತ್ತಾರೆ. ಪಲ್ಸ್ ಓಡುತ್ತಿರುವಾಗಲೇ ಸಪಾಟು ಇದೆಯಾ ಅಂತ ನೋಡಿ ಸರಿ ಮಾಡಬಹುದು.

ಅಮೆರಿಕದ ನ್ಯೂಟ್ರಾನ್ ಕೇಂದ್ರ ಎಸ್‌ಎನ್‌ಎಸ್‌ನಲ್ಲೂ ಇದೇ ದಾರಿ, ಇದಕ್ಕಿಂತ ಮೊದಲೇ. ಲಾಸ್ ಅಲಮೋಸಿನವರು ವಿನ್ಯಾಸ ಮಾಡಿದ ಮೂರು ಫೇಸಿನ ರೆಸೊನೆಂಟ್ ಕನ್ವರ್ಟರ್, 20 ಕಿಲೋಹರ್ಟ್ಸ್. ಚೆಂದದ ಐಡಿಯಾ. ಆದರೆ ಮೊದಲ ವರ್ಷಗಳಲ್ಲಿ ಐಜಿಬಿಟಿ, ಕೆಪಾಸಿಟರ್ ಹೋಗಿ ಹೋಗಿ ಇಡೀ ಯಂತ್ರ ನಿಲ್ಲೋಕೆ ಇದೇ ದೊಡ್ಡ ಕಾರಣಗಳಲ್ಲಿ ಒಂದಾಗಿತ್ತು. ಆಮೇಲೆ ವರ್ಷಗಟ್ಟಲೆ ತಿದ್ದಿ ಸರಿ ಮಾಡಿದರು. ಕಾಗದದ ಮೇಲೆ ಗೆದ್ದ ವಿನ್ಯಾಸ ಹಾಲ್‌ನಲ್ಲಿ ಗೆಲ್ಲೋಕೆ ಟೈಮ್ ಬೇಕು.

ಮೊದಲ_ಸೆಮಿಸ್ಟರ್:
ಹಾಗಾದರೆ ಟ್ರಾನ್ಸ್‌ಫಾರ್ಮರೇ ಬೇಡ ಅಂತ ಮಾರ್ಕ್ಸ್ ಜನರೇಟರ್ ಮಾಡಬಹುದಲ್ವಾ? ನಮ್ಮ ಹೈ ವೋಲ್ಟೇಜ್ ಲ್ಯಾಬಿನಲ್ಲಿ ಒಂದು ಮಿಂಚಿನ ಜನರೇಟರ್ ಇದೆ.

ಲುಂಡ್_ಅಕ್ಕ:
ಮಾಡಬಹುದು, ಮಾಡಿದ್ದಾರೆ. ನಿಮ್ಮ ಲ್ಯಾಬಿನದು 1924ರ ಎರ್ವಿನ್ ಮಾರ್ಕ್ಸ್ ಮಾದರಿ. ಕೆಪಾಸಿಟರ್‌ಗಳನ್ನು ಪ್ಯಾರಲಲ್‌ನಲ್ಲಿ ತುಂಬಿ, ಸ್ಪಾರ್ಕ್ ಗ್ಯಾಪ್ ಹೊಡೆಸಿ ಸೀರೀಸ್ ಮಾಡೋದು. ಗ್ಯಾಪ್ ಜಾಗದಲ್ಲಿ ಐಜಿಬಿಟಿ ಕೂರಿಸಿದರೆ ಆಫ್ ಕೂಡ ಮಾಡಬಹುದು. ಐಎಲ್‌ಸಿ ಅನ್ನೋ ಉದ್ದೇಶಿತ ಕಣ ಡಿಕ್ಕಿ ಯಂತ್ರಕ್ಕೆ ಅಂತ ಸ್ಲ್ಯಾಕ್‌ನವರು 120 ಕೆವಿ, 140 ಆಂಪ್, 1.6 ಮಿಲಿಸೆಕೆಂಡಿನ ಮಾರ್ಕ್ಸ್ ಕಟ್ಟಿದ್ದರು. ಇದರ ಚೆಂದ ಏನೆಂದರೆ, ಬ್ಯಾಂಕ್ ಇಳಿಯುತ್ತಾ ಹೋದ ಹಾಗೆ ಒಂದೊಂದು ಸೆಲ್ ತಡವಾಗಿ ಸೇರಿಸಿ ಡ್ರೂಪ್ ತುಂಬಬಹುದು. ಒಂದು ಸೆಲ್ ಸತ್ತರೆ ಡಯೋಡ್ ಮೂಲಕ ಕರೆಂಟ್ ದಾಟಿ ಹೋಗುತ್ತದೆ. ಕಷ್ಟ ಏನೆಂದರೆ ಪ್ರತಿ ಸೆಲ್ಲಿನ ಗೇಟ್ ಡ್ರೈವರೂ ಪಲ್ಸಿನ ಹೊತ್ತಿನಲ್ಲಿ ಹತ್ತಾರು ಕೆವಿ ಮೇಲೆ ತೇಲುತ್ತಿರುತ್ತದೆ. ಅದಕ್ಕೆ ಪವರ್ ಕೊಡೋದು, ನೆಲಕ್ಕೆ ಇರುವ ಸ್ಟ್ರೇ ಕೆಪಾಸಿಟನ್ಸ್ ಸಂಭಾಳಿಸೋದು ತಲೆನೋವು. ಮೈಕ್ರೊಸೆಕೆಂಡ್ ಪಲ್ಸಿಗೆ ಏರುವ ವೇಗ ಜಾಸ್ತಿ, ಹಾಗಾಗಿ ಆ ತಲೆನೋವೂ ಜಾಸ್ತಿ.

ಕರೆಂಟ್_ಕಲಾವಿದ:
ಸರಿ, ಸೀರೀಸ್ ಬೇಡ, ಮಾರ್ಕ್ಸ್ ಬೇಡ. ಹಾಗಾದರೆ ಮತ್ತೆ ತಾತನ ಗಾಜೇನಾ?

ಎಣ್ಣೆ_ಟ್ಯಾಂಕ್:
ಮೂರನೇ ದಾರಿ ಉಂಟು. ಸ್ಪ್ಲಿಟ್-ಕೋರ್. ಐಜಿಬಿಟಿಗಳನ್ನು ಸೀರೀಸಲ್ಲಿ ಹಾಕಬೇಡಿ, ಪ್ಯಾರಲಲ್ ಹಾಕಿ. ಒಂದೊಂದು ಮಾಡ್ಯೂಲಲ್ಲೂ 1 ಕೆವಿ ಕೆಪಾಸಿಟರ್, ಒಂದು ಸ್ವಿಚ್. ಪ್ರತಿ ಮಾಡ್ಯೂಲ್ ಒಂದು ಕೋರಿನ ಸುತ್ತ ಒಂದೇ ಸುತ್ತಿನ ಪ್ರೈಮರಿ ಓಡಿಸುತ್ತದೆ. ಸೆಕೆಂಡರಿ ಎಲ್ಲಾ ಕೋರುಗಳನ್ನೂ ಒಟ್ಟಿಗೆ ಸುತ್ತಿ ಹೋಗುತ್ತದೆ, ಹಾಗಾಗಿ ಒಂದೊಂದು ಕೋರಿನ ವೋಲ್ಟೇಜೂ ಕೂಡುತ್ತಾ ಹೋಗುತ್ತದೆ. 130 ಕೆವಿ ಬೇಕಾದರೆ ಪ್ರೈಮರಿ ಕಡೆ ಒಟ್ಟು ಕರೆಂಟ್ 11.7 ಕಿಲೋ ಆಂಪ್, ಕೋರಿಗೊಂದರಂತೆ ಹಂಚಿದರೆ ಪ್ರತಿಯೊಂದಕ್ಕೂ ತಡೆಯುವಷ್ಟು. ಯಾವ ಸ್ವಿಚ್ಚೂ 1 ಕೆವಿಗಿಂತ ಜಾಸ್ತಿ ನೋಡುವುದಿಲ್ಲ. ಗೇಟ್ ಡ್ರೈವರ್ ಎಲ್ಲಾ ನೆಲದ ಹತ್ತಿರವೇ. ಒಂದು ಸ್ವಲ್ಪ ತಡವಾಗಿ ಬಂದರೆ ಪಲ್ಸಿನ ಅಂಚು ಸ್ವಲ್ಪ ವಕ್ರ ಆಗುತ್ತದೆ, ಸ್ಫೋಟ ಆಗುವುದಿಲ್ಲ. ಕೆಟ್ಟ ಮಾಡ್ಯೂಲ್ ಎಳೆದು ಬೇರೆ ತುರುಕಿದರೆ ಆಯ್ತು.

ಸ್ವಿಟ್ಜರ್ಲೆಂಡಿನ ಎಕ್ಸ್‌ರೇ ಲೇಸರ್ ಸ್ವಿಸ್‌ಫೆಲ್ 2016ರಲ್ಲಿ ಉದ್ಘಾಟನೆ ಆಯ್ತಲ್ಲ, ಅಲ್ಲಿ 50 ಮೆಗಾವ್ಯಾಟ್ ಕ್ಲೈಸ್ಟ್ರಾನ್, 3 ಮೈಕ್ರೊಸೆಕೆಂಡ್, ಸೆಕೆಂಡಿಗೆ 100 ಪಲ್ಸ್. ಎಲ್ಲಾ ಸಾಲಿಡ್ ಸ್ಟೇಟ್. ಸ್ಲ್ಯಾಕ್ ಮಾಡಿದ ಕೆಲಸವೇ, ಬೇರೆ ಕಾಲದ ಉತ್ತರ. ಎಕ್ಸ್‌ರೇ ಲೇಸರಿಗೆ ಪಲ್ಸಿಂದ ಪಲ್ಸಿಗೆ ವೋಲ್ಟೇಜ್ ಅಲ್ಲಾಡಲೇಬಾರದು. ಕ್ಲೈಸ್ಟ್ರಾನ್ ಒಳಗೆ ಹೋಗುವ ಪವರ್ ವೋಲ್ಟೇಜಿನ ಎರಡೂವರೆ ಘಾತ, ವೋಲ್ಟೇಜ್ ಶೇ. 1 ಏರಿದರೆ ಪವರ್ ಶೇ. 2.5 ಏರುತ್ತದೆ, ಫೇಸ್ ತಿರುಗುವುದು ಬೇರೆ.

ಥೈರಟ್ರಾನ್_ತಾತ:
ಒಪ್ಪಿದೆ, ಸ್ಪ್ಲಿಟ್-ಕೋರ್ ಒಳ್ಳೇದೇ. ನಾನೇನು ಹಠ ಹಿಡಿದಿಲ್ಲ. ಆದರೆ ಆರ್ಕ್ (ಟ್ಯೂಬ್ ಒಳಗೇ ಕಿಡಿ ಹೊಡೆಯೋದು) ಬಗ್ಗೆ ಯಾಕೆ ಯಾರೂ ಮಾತಾಡ್ತಿಲ್ಲ? ಹೊಸ ಕ್ಲೈಸ್ಟ್ರಾನ್ ಟೆಸ್ಟ್ ಬೆಂಚಲ್ಲಿ ಆರ್ಕ್ ಹೊಡೆಯೋದು ದಿನಾ ಇರೋದೇ. ನನ್ನ ಪಿಎಫ್‌ಎನ್‌ನಲ್ಲಿ ಇರೋದೇ 70 ಜೂಲ್, ಒಂದು ಪಲ್ಸಿನಷ್ಟು. ಅದಕ್ಕಿಂತ ಜಾಸ್ತಿ ಕೊಡೋಕೆ ಅದರ ಹತ್ತಿರ ಇಲ್ಲ. ನಿಮ್ಮ ಬ್ಯಾಂಕಿನಲ್ಲಿ 3.5 ಕಿಲೋಜೂಲ್ ಕಾಯ್ತಾ ಕೂತಿರುತ್ತೆ. ಸ್ವಿಚ್ ಆ ಗಳಿಗೆಯಲ್ಲಿ ತೆರೆಯದೆ ಹೋದರೆ?

ಕರೆಂಟ್_ಕಲಾವಿದ:
ತಾತ, ಕ್ಯಾಥೋಡ್ ಹಾಳಾಗದೆ ಇರೋಕೆ ಆರ್ಕಿನಲ್ಲಿ 10-20 ಜೂಲ್ ದಾಟಬಾರದು ಅಂತಾರೆ. ನಿಮ್ಮ 70 ಕೂಡ ಜಾಸ್ತಿನೇ ಅಲ್ವಾ?

ಥೈರಟ್ರಾನ್_ತಾತ:
ಒಳ್ಳೆ ಏಟು. ಆದರೆ ಆ 70 ಎಲ್ಲಾ ಟ್ಯೂಬಿಗೆ ಹೋಗಲ್ಲ. ಆರ್ಕ್ ಅಂದರೆ ಲೋಡ್ ಶಾರ್ಟ್. ಶಾರ್ಟಿನ ಮೇಲೆ ವೋಲ್ಟೇಜ್ ತುಂಬಾ ಕಡಿಮೆ, ಹಾಗಾಗಿ ಅಲ್ಲಿ ಸುಡೋ ಎನರ್ಜಿನೂ ಕಡಿಮೆ. ಉಳಿದದ್ದು ಪಿಎಫ್‌ಎನ್‌ಗೆ ಉಲ್ಟಾ ವೋಲ್ಟೇಜ್ ಆಗಿ ವಾಪಸ್ ಬರುತ್ತೆ. ಅದನ್ನ ಸುಡೋಕೆ ಲೈನಿನ ಆ ತುದಿಯಲ್ಲಿ ಡಯೋಡ್, ರೆಸಿಸ್ಟರ್ ಹಾಕಿದ ಕ್ಲಿಪ್ಪರ್ ಇರುತ್ತೆ. ಕ್ಲಿಪ್ಪರ್ ಹಾಕದೆ ಬಿಟ್ಟರೆ ಮುಂದಿನ ಚಾರ್ಜಿಂಗಿನಲ್ಲಿ ವೋಲ್ಟೇಜ್ ಎರಡರ ಬದಲು ಇನ್ನೂ ಮೇಲೆ ಹೋಗಿ ಥೈರಟ್ರಾನ್ ತಾನೇ ಹೊಡೆಯುತ್ತೆ. ಅದನ್ನ ಒಬ್ಬರು "ಆಮೇಲೆ ಹಾಕೋಣ" ಅಂದಿದ್ದರು. ಆಮೇಲೆ ಹಾಕಿದ್ದು ಹೊಸ ಥೈರಟ್ರಾನ್.

ಎಣ್ಣೆ_ಟ್ಯಾಂಕ್:
😂 ಸ್ಪ್ಲಿಟ್-ಕೋರಲ್ಲಿ ಆರ್ಕ್ ಆದಾಗ ಕರೆಂಟ್ ಏರುವ ವೇಗವನ್ನು ಟ್ರಾನ್ಸ್‌ಫಾರ್ಮರಿನ ಲೀಕೇಜ್ ಇಂಡಕ್ಟನ್ಸ್ ಹಿಡಿದಿಡುತ್ತದೆ. ಅಷ್ಟರಲ್ಲಿ ಪ್ರತಿ ಮಾಡ್ಯೂಲೂ ತನ್ನ ಕರೆಂಟ್ ನೋಡಿಕೊಂಡು ತಾನೇ ಆಫ್ ಆಗಬೇಕು. ಮೇಲಿನ ಕಂಟ್ರೋಲರ್ ಹೇಳಲಿ ಅಂತ ಕಾಯಬಾರದು. ಒಂದು ಆಫ್ ಆಗದಿದ್ದರೂ ಅದರ ಪಾಲಿನ ಎನರ್ಜಿ ಮಾತ್ರ ಹೋಗುತ್ತದೆ, ಪೂರ್ತಿ ಬ್ಯಾಂಕ್ ಅಲ್ಲ.

ಜಾಲಹಳ್ಳಿ_ಕ್ರಾಸ್:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ನೆನ್ನೆ ಇದನ್ನೆಲ್ಲಾ ಪ್ರಿಂಟ್ ತೆಗೆದು ಮೀಟಿಂಗಿಗೆ ಹೋಗಿದ್ದೆ. ಅಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಬೆಂಚಿನ ಮೇಲೆ ಬರೋದು ಒಂದೇ ಕ್ಲೈಸ್ಟ್ರಾನ್ ಅಲ್ಲವಂತೆ. ಮುಂದೆ ಬೇರೆ ಎರಡು ಟ್ಯೂಬ್ ಬರುತ್ತೆ, ಒಂದಕ್ಕೆ 1 ಮೈಕ್ರೊಸೆಕೆಂಡ್, ಕರೆಂಟೂ ಬೇರೆ.

ಥೈರಟ್ರಾನ್_ತಾತ:
ಇದನ್ನ ಮೊದಲೇ ಹೇಳಬಾರದಿತ್ತೇನಪ್ಪ! ಮೂರು ದಿನ ನನ್ನಿಂದ ಪಿಎಫ್‌ಎನ್ ಲೆಕ್ಕ ಮಾಡಿಸಿ.

ಕರೆಂಟ್ ಬೇರೆ ಅಂದರೆ ಇಂಪಿಡೆನ್ಸ್ ಬೇರೆ. 14.4 ಓಮಿಗೆ ಕಟ್ಟಿದ ಲೈನ್ ಆ ಟ್ಯೂಬಿಗೆ ಮ್ಯಾಚ್ ಆಗಲ್ಲ. ಪ್ರತಿ ಟ್ಯೂಬಿಗೂ ಒಂದು ಪಿಎಫ್‌ಎನ್ ಕಟ್ಟಿ ಬದಲಾಯಿಸ್ತಾ ಕೂರಬೇಕು. ಅದು ಬೇಡ. ಒಂದೇ ಟ್ಯೂಬು, ಒಂದೇ ಪಲ್ಸು, ವರ್ಷಗಟ್ಟಲೆ ಅದನ್ನೇ ಓಡಿಸ್ತೀವಿ ಅಂದಿದ್ದರೆ ನಾನು ಈಗಲೂ ಥೈರಟ್ರಾನ್ ಅಂತಿದ್ದೆ. ನಿಮ್ಮ ಕೆಲಸಕ್ಕೆ ಎಣ್ಣೆಯವರ ಸ್ಪ್ಲಿಟ್-ಕೋರ್ ಹಾಕಿ.

ಆದರೆ ಮಾಡಿಕೊಡೋ ಕಂಪನಿಯವರಿಂದ ಒಂದು ಪರೀಕ್ಷೆ ಮಾಡಿಸಿಕೊಳ್ಳದೆ ದುಡ್ಡು ಕೊಡಬೇಡಿ. ಕ್ಲೈಸ್ಟ್ರಾನ್ ಜಾಗದಲ್ಲಿ ಸ್ಪಾರ್ಕ್ ಗ್ಯಾಪ್ ಇಟ್ಟು, ಅದಕ್ಕೆ ಸೀರೀಸಲ್ಲಿ ತೆಳ್ಳಗಿನ ತಾಮ್ರದ ತಂತಿ ಕಟ್ಟಿ. ಪೂರ್ತಿ ವೋಲ್ಟೇಜಲ್ಲಿ ಗ್ಯಾಪ್ ಹೊಡೆಸಿ. ತಂತಿ ಉಳಿಯಬೇಕು.

ಜಾಲಹಳ್ಳಿ_ಕ್ರಾಸ್:
ಯಾವ ಗೇಜ್ ಸರ್? ಎಷ್ಟು ಉದ್ದ?

ಥೈರಟ್ರಾನ್_ತಾತ:
36 ಗೇಜ್. ಎಸ್‌ಪಿ ರಸ್ತೆಯಲ್ಲಿ ವೈಂಡಿಂಗ್ ವೈರ್ ಅಂತ ಕೇಳಿ, ಎನಾಮೆಲ್ ಕೆರೆದು ಹಾಕಿ. ಒಂದು ಸೆಂಟಿಮೀಟರ್ ಕರಗೋಕೆ ಹೆಚ್ಚು ಕಮ್ಮಿ 1.7 ಜೂಲ್ ಬೇಕು. 20 ಜೂಲ್ ಮಿತಿ ಅಂದರೆ 12 ಸೆಂಟಿಮೀಟರ್ ಕತ್ತರಿಸಿ. ಒಂದು ರೀಲ್ ಪೂರ್ತಿ ತೊಗೊಂಡು ಹೋಗಿ, ಮೊದಲ ದಿನ ಉಳಿಯಲ್ಲ. ಮತ್ತೆ ಒಳಗೆ ಕೈ ಹಾಕೋ ಮುಂಚೆ ಅರ್ಥಿಂಗ್ ಕೋಲು ಮುಟ್ಟಿಸಿ ತೆಗೀಬೇಡಿ, ನೇತು ಹಾಕೇ ಬಿಡಿ. ದೊಡ್ಡ ಕೆಪಾಸಿಟರ್ ಒಂದು ಸಲ ಖಾಲಿ ಮಾಡಿದರೂ ಸ್ವಲ್ಪ ಹೊತ್ತಿಗೆ ಮತ್ತೆ ತುಂಬಿಕೊಳ್ಳುತ್ತೆ.

ಎಣ್ಣೆ_ಟ್ಯಾಂಕ್:
ರೀಲ್ ಎರಡು ತೊಗೊಳ್ಳಿ ಮಾರಾಯ್ರೆ.